ಹಿಮಕ್ಕೆ ಮುಖ ಮಾಡಿ ಸತ್ತವನ ಮಾತು

ನಾನು ಎಷ್ಟು ಸಲ ಸತ್ತಿದ್ದೇನೋ ನನಗೇ ನೆನಪಿಲ್ಲ. ಬಾವಿಗೆ ಬಿದ್ದು ಸತ್ತಿದ್ದೇನೆ, ಅತ್ತೆ ಕೊಟ್ಟ ಹಾಲು ಕುಡಿದು ಸತ್ತಿದ್ದೇನೆ, ಗಂಡನ ಎರಡನೇ ಹೆಂಡತಿಯನ್ನು ಮನಸಾರೆ ಕ್ಷಮಿಸಿ ಸತ್ತಿದ್ದೇನೆ. ಸತ್ತ ತಕ್ಷಣ ಮೈಕಿನ ಮುಂದಿನಿಂದ ಬಂದು ಬಿಸಿ ಟೀ ಕುಡಿದಿದ್ದೇನೆ. ಡಬ್ಬಿಂಗ್ ಕೆಲಸ ಅಂದರೆ ಇಷ್ಟೇ ಕಣ್ರಪ್ಪ, ಗಂಟಲು ನಮ್ಮದು, ಮುಖ ಬೇರೆಯವರದು.

ಹೋದ ವರ್ಷ ಕೆಲಸ ಬಿಟ್ಟೆ. ಗಂಟಲು ಇನ್ನೂ ಚೆನ್ನಾಗಿದೆ, ಮೊಣಕಾಲು ಹೋಯಿತು. ನಮ್ಮ ಸ್ಟುಡಿಯೋ ಇದ್ದದ್ದು ಚಿಕ್ಕಬಳ್ಳಾಪುರದಲ್ಲಿ, ಎಣ್ಣೆ ಗಾಣದ ಮೇಲಿನ ಮೂರನೇ ಮಹಡಿ. ಲಿಫ್ಟ್ ಇಲ್ಲ. ಈಗ ಈ ಕೆಲಸಕ್ಕೆ ಬರುತ್ತಿರುವ ಹುಡುಗ ಹುಡುಗಿಯರು ಫೋನ್ ಮಾಡಿ, "ಅಮ್ಮಾ, ಹೇಗೆ ಶುರು ಮಾಡ್ಬೇಕು?" ಅಂತ ಕೇಳುತ್ತಾರೆ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ಯಾವಾಗ ಯಾವ ಹುದ್ದೆ ಸಿಕ್ಕಿತು ಅನ್ನುವುದನ್ನೆಲ್ಲ ಬಿಡುತ್ತೇನೆ. ಅದರಿಂದ ನನ್ನ ತಂಗಿಗೂ ಉಪಯೋಗವಿಲ್ಲ.

ಮೊದಲ ಪಾಠ: ಬಾಗಿಲು ಹಾಕಿಕೊಳ್ಳಿ. ಶುರುವಿನ ದಿನಗಳಲ್ಲಿ ಒಂದು ಧಾರಾವಾಹಿಗೆ ನಾನು ಹೆರಬೇಕಿತ್ತು. ನನಗೆ ಒಳ್ಳೆಯ ಹುಮ್ಮಸ್ಸು. ಬಾಗಿಲು ಸರಿಯಾಗಿ ಹಾಕದೆ ಬಾಯಿ ಬಿಟ್ಟು ಕೂಗಿದೆ. ಎರಡನೇ ನೋವು ಬರುವಷ್ಟರಲ್ಲಿ ಕೆಳಗಿನ ಗಾಣದ ಮನೆಯ ಅಜ್ಜಿ ಒಂದು ಕೈಯಲ್ಲಿ ಬಿಸಿನೀರಿನ ಚೊಂಬು, ಇನ್ನೊಂದು ಕೈಯಲ್ಲಿ ಹಳೇ ಸೀರೆ ಹಿಡಿದುಕೊಂಡು ಮೂರು ಮಹಡಿ ಹತ್ತಿ ಬಂದೇಬಿಟ್ಟಿತು. "ಗಂಡಸ್ರೆಲ್ಲ ಆಚೆ ನಡೀರಿ! ಯಾರಮ್ಮ ಬಸುರಿ?" ನಮ್ಮ ಸ್ಟುಡಿಯೋ ಯಜಮಾನರು ಓಬಳೇಶ್ ಸಾರ್ ಹೆದರಿ ನಿಜವಾಗಿಯೂ ಆಚೆ ಹೋಗಿ ನಿಂತಿದ್ದರು. ಕೊನೆಗೆ ಆ ನೀರಿನಲ್ಲೇ ಕಾಫಿ ಮಾಡಿಕೊಂಡು ಕುಡಿದೆವು.

ಆಗೆಲ್ಲ ಎಲ್ಲರೂ ಒಂದೇ ಮೈಕಿನ ಸುತ್ತ ನಿಲ್ಲುತ್ತಿದ್ದೆವು. ಅತ್ತೆ, ಸೊಸೆ, ಮಾವ, ಪೊಲೀಸಪ್ಪ, ಎಲ್ಲರ ಉಸಿರೂ ಒಬ್ಬರ ಮೇಲೊಬ್ಬರಿಗೆ. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿಂದ. ಯಾರಾದರೂ ಬೆಳ್ಳುಳ್ಳಿ ತಿಂದು ಬಂದರೆ ಪೂರ್ತಿ ಕುಟುಂಬದ ಅಳು ನಿಜವಾದ ಅಳು. ಈಗ ಹಾಗಿಲ್ಲ. ಒಬ್ಬೊಬ್ಬರೇ ಹೋಗಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಎದುರಿಗೆ ಯಾರೂ ಇಲ್ಲದೆ ಜಗಳ ಆಡಿ ಬರುತ್ತೀರಿ. ಕೆಲಸ ಬೇಗ ಮುಗಿಯುತ್ತದೆ, ನಿಜ. ಆದರೆ ಎದುರಿಗೆ ಯಾರೂ ಇಲ್ಲದ ಜಗಳ ಬೇಸರ.

ಎರಡನೇ ಪಾಠ ಇಡೀ ವೃತ್ತಿಗೆ ಬೇರು. ಪರದೆ ಮೇಲಿನವನ ತುಟಿ ಕೂಡಿದಾಗ ನಿಮ್ಮ ಮಾತಿನಲ್ಲೂ ತುಟಿ ಕೂಡುವ ಅಕ್ಷರ ಇರಬೇಕು, ಪ, ಬ, ಮ ಇಂಥವು. ಅವನು ಬಾಯಿ ಅಗಲ ಮಾಡಿದಾಗ ನೀವು "ಹೂಂ" ಅಂದರೆ ಆಗುವುದಿಲ್ಲ. ಆದರೆ ಅವನು ಬೆನ್ನು ತಿರುಗಿಸಿದರೆ, ಮುಖಕ್ಕೆ ಕಂಬಳಿ ಹೊದ್ದರೆ, ಅಂದರೆ ಬಾಯಿ ಕಾಣದಿದ್ದರೆ, ನಮಗೆ ಹಬ್ಬ. ಮುಖ ಕಾಣದವನ ಬಾಯಿಗೆ ಏನು ಬೇಕಾದರೂ ತುಂಬಬಹುದು. ಈ ಸ್ವಾತಂತ್ರ್ಯವನ್ನು ಜೋಪಾನವಾಗಿ ಬಳಸಿ. ಯಾಕೆ ಅಂತ ಮುಂದೆ ಹೇಳುತ್ತೇನೆ, ಇಡೀ ಕಥೆ ಇರುವುದು ಅಲ್ಲೇ.

ಕೆಲಸ ಬಿಡುವುದಕ್ಕೆ ಮೂರು ವರ್ಷ ಮುಂಚೆ ಒಂದು ಕಂಪನಿ ನಮಗೆ ಹನ್ನೊಂದು ಸಿನಿಮಾ ಒಟ್ಟಿಗೆ ಕಳಿಸಿತು. ಎಲ್ಲವೂ ಸೋವಿಯತ್ ಸೈನಿಕರ ಯುದ್ಧದ ಸಿನಿಮಾ. ಕೆಲವು ಹಳೆಯವು, ಕೆಲವು ಈಚಿನವು, ಎಲ್ಲವನ್ನೂ ಕನ್ನಡಕ್ಕೆ ತರಬೇಕು. ಓಬಳೇಶ್ ಸಾರ್ ಕೈ ಉಜ್ಜಿಕೊಂಡರು. "ವಿಜಯಮ್ಮ, ಇದು ವೀರರ ಕಥೆ. ಒಬ್ಬೊಬ್ಬನ ಬಾಯಲ್ಲೂ ಸಿಡಿಲು ಬರ್ಬೇಕು. ಮಾತು ನೀವು ಬರೀರಿ, ಸಿಡಿಲು ನಾನು ನೋಡ್ಕೋತೀನಿ."

ನಾನು ಹನ್ನೊಂದನ್ನೂ ಕೂತು ನೋಡಿದೆ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಕಥೆ ಬಾಯಿಪಾಠ ಆಯಿತು. ಇವರು ಹದಿನೈದು ಜನ, ಅವರು ಸಾವಿರ. ಇವರ ಹತ್ತಿರ ಒಂದು ಕಂದಕ, ಕೆಟ್ಟುಹೋದ ಎರಡು ಬಂದೂಕು, ಕಡಿದುಹೋದ ಟೆಲಿಫೋನ್ ತಂತಿ. ಅವರ ಹತ್ತಿರ ಟ್ಯಾಂಕು. "ಸಹಾಯ ಯಾವಾಗ ಬರುತ್ತೆ?" ಅಂತ ಒಬ್ಬ ಕೇಳುತ್ತಾನೆ. "ನಾಳೆ" ಅಂತ ಅಧಿಕಾರಿ ಹೇಳುತ್ತಾನೆ. ಬರುವುದಿಲ್ಲ ಅಂತ ಕೇಳಿದವನಿಗೂ ಗೊತ್ತು, ಹೇಳಿದವನಿಗೂ ಗೊತ್ತು. ನಮ್ಮ ಸೌಂಡ್ ಎಂಜಿನಿಯರ್ ಮುರುಗಮಲ್ಲದ ಇಮ್ತಿಯಾಜನಿಗಂತೂ ಚೆನ್ನಾಗಿ ಗೊತ್ತು. "ಮೇಡಂ, ಆ ಸಾಹೇಬ್ರು 'ನಾಳೆ' ಅಂದ್ರೆ ಸಾಕು, ನಾನು ಸಾಯೋ ಟ್ರ್ಯಾಕ್ ರೆಡಿ ಮಾಡ್ಕೊಂಡ್ಬಿಡ್ತೀನಿ" ಅನ್ನುತ್ತಿದ್ದ.

ಈ ಸಿನಿಮಾಗಳ ಬಗ್ಗೆ ನನ್ನ ಅಭಿಪ್ರಾಯ ಕೇಳಿ. ಅರ್ಧ ಸತ್ಯ, ಅರ್ಧ ಬೊಗಳೆ, ಎರಡೂ ಒಂದೇ ಕಂದಕದಲ್ಲಿ ಕೂತಿರುತ್ತವೆ. ಕೆಸರು ಸತ್ಯ. ಒದ್ದೆ ಬೂಟು ಸತ್ಯ. ನಾಲ್ಕು ಆಲೂಗೆಡ್ಡೆಯನ್ನು ಏಳು ಜನ ಹಂಚಿಕೊಳ್ಳುವಾಗ ಕತ್ತರಿಸುವವನ ಕೈಯನ್ನೇ ಉಳಿದ ಆರು ಜನ ನೋಡುತ್ತಾರಲ್ಲ, ಆ ನೋಟ ಅಪ್ಪಟ ಸತ್ಯ. ಆಮೇಲೆ ಇದ್ದಕ್ಕಿದ್ದಂತೆ ಅಧಿಕಾರಿ ಕಂದಕದ ಮೇಲೆ ಎದ್ದು ನಿಂತು, ಟೋಪಿ ತೆಗೆದು, ಮೂರು ನಿಮಿಷ ಭಾಷಣ ಮಾಡುತ್ತಾನೆ. ಎದುರಿನ ಸಾವಿರ ಜನರಲ್ಲಿ ಒಬ್ಬನೂ ಗುಂಡು ಹೊಡೆಯುವುದಿಲ್ಲ. ಮಾತು ಮುಗಿಯುವ ತನಕ ಕಾಯುವ ಅಂಥ ಮರ್ಯಾದಸ್ಥ ಶತ್ರುಗಳನ್ನು ನಾನು ಬೇರೆಲ್ಲೂ ಕಂಡಿಲ್ಲ. ನಮ್ಮ ಮನೆಯಲ್ಲೇ ನನ್ನ ಮಾತು ಮುಗಿಯುವ ತನಕ ಯಾರೂ ಕಾಯುವುದಿಲ್ಲ.

ಈಗ ಸೈನ್ಯ ಬೇಕಲ್ಲ! ಹದಿನೈದು ಗಂಡು ಗಂಟಲನ್ನು ಎಲ್ಲಿಂದ ತರುವುದು? ಓಬಳೇಶ್ ಸಾರ್ ಚಿಂತಾಮಣಿಯ ಟೊಮ್ಯಾಟೊ ಮಂಡಿಯಿಂದ ಹರಾಜು ಕೂಗುವ ನಾಲ್ವರನ್ನು ತಂದರು. ನಾನು ಶಿಡ್ಲಘಟ್ಟದವಳು, ಅಲ್ಲಿನ ರೇಷ್ಮೆ ಗೂಡಿನ ಮಾರುಕಟ್ಟೆಯಿಂದ ನಮ್ಮ ಚಿಕ್ಕಪ್ಪನ ಮಕ್ಕಳಿಬ್ಬರನ್ನು ಎಳೆದು ತಂದೆ. ಉಳಿದವರು ಖಾಸಗಿ ಬಸ್ಸಿನ ಕಂಡಕ್ಟರುಗಳು. ಗಂಟಲು ಅಂದರೆ ಅದು ಗಂಟಲು! ಮೊದಲ ದಿನವೇ ಇಮ್ತಿಯಾಜ್ ಎರಡು ಕಿವಿಗೂ ಹತ್ತಿ ಇಟ್ಟುಕೊಂಡ.

ಆದರೆ ಅಭ್ಯಾಸ ಬಿಡಬೇಕಲ್ಲ. "ಕಂದಕಕ್ಕೆ ಇಳೀರಿ" ಅಂತ ಆಜ್ಞೆ ಕೊಡಬೇಕಾದ ಕಂಡಕ್ಟರು, ಟ್ಯಾಂಕು ಪರದೆ ತುಂಬ ಬಂದ ತಕ್ಷಣ ಗಾಬರಿಯಾಗಿ, "ಒಳಗಡೆ ಹೋಗ್ರಿ, ಒಳಗಡೆ ಜಾಗ ಐತೆ, ಬಾಗ್ಲಲ್ಲಿ ನಿಲ್ಬೇಡಿ" ಅಂದುಬಿಟ್ಟರು. ಚಿಂತಾಮಣಿಯವರೊಬ್ಬರು ಕನ್ನಡದಲ್ಲಿ ಬರೆದುಕೊಟ್ಟದ್ದನ್ನೆಲ್ಲ ಅಚ್ಚುಕಟ್ಟಾಗಿ ಓದುತ್ತಿದ್ದರು. ಟ್ಯಾಂಕು ಬಂದಾಗ ಮಾತ್ರ, "ಒರೇ, ವಚ್ಚೇಸಿಂದಿ ರೋ!" ಅಂತ ಮನೆಯ ತೆಲುಗು ಚಿಮ್ಮಿಬಿಡುತ್ತಿತ್ತು. ಬಂದೇಬಿಡ್ತು ಅನ್ನುವುದಕ್ಕೆ ಅವರ ಹೊಟ್ಟೆಯೊಳಗೆ ಇದ್ದದ್ದು ಆ ಮಾತೇ.

ಎಲ್ಲಕ್ಕಿಂತ ದೊಡ್ಡ ಎಡವಟ್ಟು ದಾಳಿಯ ದೃಶ್ಯದಲ್ಲಿ ಆಯಿತು. ಹದಿನೈದು ಜನರೂ ಕಂದಕದಿಂದ ಎದ್ದು, ಕೆಂಪು ಬಾವುಟ ಹಿಡಿದು, ಸಾವಿರ ಜನರ ಮೇಲೆ ನುಗ್ಗುತ್ತಾರೆ. "ಇದಕ್ಕೆ ಬರೆದದ್ದು ಬೇಡ, ಎದೆಯಿಂದ ಏನು ಬರುತ್ತೋ ಅದೇ ಬರ್ಲಿ!" ಅಂದರು ಓಬಳೇಶ್ ಸಾರ್. ಕೈ ಇಳಿಸಿದರು. ಎಲ್ಲರೂ ಎದೆಯಿಂದ, ಒಂದೇ ದನಿಯಲ್ಲಿ, "ಗೋವಿಂದಾ... ಗೋ...ವಿಂದ!" ಅಂದರು. ತಿರುಪತಿ ಬೆಟ್ಟ ಹತ್ತಿ ರೂಢಿಯಾದ ಊರಿನವರು, ಏರು ಕಂಡರೆ ಬೇರೇನು ಬರುತ್ತದೆ? ಓಬಳೇಶ್ ಸಾರ್ ತಾವೂ ಎರಡು ಕೈ ಎತ್ತಿ "ಗೋವಿಂದ" ಅಂದಿದ್ದರು. ಇಮ್ತಿಯಾಜ್ ಕುರ್ಚಿಯಿಂದ ಕೆಳಗೆ ಬಿದ್ದು ನಗುತ್ತಿದ್ದ. ಆ ನಗುವಿನ ನಡುವೆ ಅದೇ ಟೇಕ್ ಕಂಪನಿಗೆ ಹೊರಟುಹೋಯಿತು. ಅಲ್ಲಿಂದ ಫೋನ್ ಮಾಡಿದವರು ಮೊದಲು ಐದು ನಿಮಿಷ ನಕ್ಕರು, ಆಮೇಲೆ ಹತ್ತು ನಿಮಿಷ ಬೈದರು.

ಇನ್ನೊಂದು ಎಡವಟ್ಟು ನನ್ನದೇ, ಒಪ್ಪಿಕೊಳ್ಳುತ್ತೇನೆ. ಮೈಕ್ ಇರುವ ಗಾಜಿನ ಬೂತಿನೊಳಗೆ ಫ್ಯಾನ್ ಹಾಕುವಂತಿಲ್ಲ, ಸದ್ದು ಬರುತ್ತದೆ. ಪರದೆ ಮೇಲೆ ಮಂಡಿಯುದ್ದ ಹಿಮ, ಒಳಗೆ ನಮ್ಮ ಸೈನಿಕರಿಗೆ ಬೆವರು. ಮಾತಿನಲ್ಲಿ ಚಳಿ ಬರಲಿ ಅಂತ ಎಲ್ಲರ ಬಾಯಿಗೂ ಐಸ್ ಕ್ಯಾಂಡಿ ಇಟ್ಟೆ. ಆಹಾ, ಏನು ನಡುಕ, ಏನು ಸಹಜತೆ! ಮರುದಿನ ಆರು ಜನರಿಗೆ ಗಂಟಲು ಕಟ್ಟಿತು. ಹದಿನೈದು ಜನರ ಪಡೆ ಶತ್ರುವಿನ ಒಂದು ಗುಂಡೂ ಇಲ್ಲದೆ ಒಂಬತ್ತಕ್ಕೆ ಇಳಿಯಿತು.

ಆ ಒಂಬತ್ತರ ಕಷ್ಟದಲ್ಲೇ ಹವಾಲ್ದಾರರು ನಮ್ಮ ಹತ್ತಿರ ಬಂದದ್ದು. ಕರೆತಂದವರು ರತ್ನಮ್ಮ. ರತ್ನಮ್ಮ ಕುಡುಮಲಕುಂಟೆಯ ಒಂದು ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸದವರು, ಐವತ್ತರ ಹತ್ತಿರ ವಯಸ್ಸು, ರಜೆಯ ದಿನ ಬಂದು ಹಳ್ಳಿ ಹೆಂಗಸಿನ ಪಾತ್ರಗಳಿಗೆ ದನಿ ಕೊಡುತ್ತಿದ್ದರು. "ಅಕ್ಕ, ಗಂಡು ದನಿ ಕಮ್ಮಿ ಆಗಿದೆ ಅಂದ್ರಲ್ಲ, ನಮ್ಮಣ್ಣನ್ನ ಕರ್ಕೊಂಡ್ ಬಂದಿದೀನಿ. ಮಿಲಿಟ್ರೀಲಿ ಹವಾಲ್ದಾರ್ರಾಗಿದ್ರು. ಈಗ ನಮ್ಮ ಫ್ಯಾಕ್ಟ್ರೀಲೇ ಸೆಕ್ಯುರಿಟಿ" ಅಂದರು. ವೆಂಕಟರವಣಪ್ಪ ಅಂತ ಹೆಸರು. ನೆಟ್ಟಗೆ ನಿಂತು ನಮಸ್ಕಾರ ಮಾಡಿದರು. ಆ ವಾರವೆಲ್ಲ ಇಬ್ಬರೂ ಕಾರ್ಖಾನೆಗೆ ರಜೆ ಹಾಕಿ ಬಂದರು.

ಅವರು ಒಡಹುಟ್ಟಿದ ಅಣ್ಣನಲ್ಲ ಅನ್ನುವುದು ಆಮೇಲೆ ತಿಳಿಯಿತು. ರತ್ನಮ್ಮನ ಗಂಡ ಅಶ್ವತ್ಥ, ಇವರು, ಇಬ್ಬರೂ ಒಂದೇ ತುಕಡಿ. ಹಿಮದ ಬೆಟ್ಟದ ಮೇಲಿನ ಒಂದು ಸಣ್ಣ ಠಾಣೆಯಲ್ಲಿ ಏಳು ಜನ ಸಿಕ್ಕಿಕೊಂಡಿದ್ದಾಗ ಅಶ್ವತ್ಥ ಗುಂಡು ತಗಲಿ ಹೋದರು. ಆಗ ರತ್ನಮ್ಮನದು ಆರು ತಿಂಗಳ ಸಂಸಾರ. "ಅವರ ಕೊನೇ ಮಾತು ಕೇಳಿದ್ದು ನಮ್ಮಣ್ಣನೇ. ಅದನ್ನ ಊರಲ್ಲಿ ಸ್ಕೂಲ್ ಗೋಡೆ ಮೇಲೆ ಬರ್ಸಿದಾರೆ" ಅಂತ ರತ್ನಮ್ಮ ಹೇಳಿದರು. ಹವಾಲ್ದಾರರು ನೀರು ಕುಡಿಯಲು ಎದ್ದು ಹೋದರು.

ಅವರು ಬಂದ ಮೇಲೆ ನಮ್ಮ ಯುದ್ಧದ ವರಸೆಯೇ ಬದಲಾಯಿತು. ಓಬಳೇಶ್ ಸಾರ್ "ಇಲ್ಲಿ ಗರ್ಜನೆ ಬೇಕು" ಅಂದರೆ ಹವಾಲ್ದಾರರು ಮೆಲ್ಲಗೆ, "ಸಾರ್, ಗರ್ಜನೆ ಮಾಡಿದ್ರೆ ನಾವೆಲ್ಲಿದೀವಿ ಅಂತ ಅವರಿಗೆ ಗೊತ್ತಾಗೋಗುತ್ತೆ" ಅನ್ನುವರು.

"ಮತ್ತೆ ಏನು ಮಾತಾಡ್ತೀರಿ ಅಲ್ಲಿ?"

"ಏನೂ ಇಲ್ಲ ಸಾರ್. ನೀರಿದೆಯಾ ಅಂತ ಕೇಳ್ತೀವಿ. ಬೂಟು ಕಚ್ತಾ ಇದೆ ಅಂತೀವಿ. ಊರಲ್ಲಿ ರಾಗಿ ಕುಯ್ಲು ಆಯ್ತೇನೋ ಅಂತೀವಿ."

"ಭಯ ಆಗಲ್ವಾ?"

"ಆಗುತ್ತೆ ಸಾರ್. ಅದಕ್ಕೇ ರಾಗಿ ವಿಷಯ ಮಾತಾಡೋದು."

ತೆಲುಗಿನಲ್ಲಿ ಕೂಗಿದ ಚಿಂತಾಮಣಿಯವರನ್ನು ಎಲ್ಲರೂ ಆಡಿಕೊಂಡು ನಗುತ್ತಿದ್ದರೆ ಹವಾಲ್ದಾರರು ಮಾತ್ರ ನಗಲಿಲ್ಲ. "ಅವರೊಬ್ರೇ ಸರಿಯಾಗಿ ಮಾಡಿದ್ದು. ಆ ಹೊತ್ನಲ್ಲಿ ಮನೆ ಮಾತೇ ಬರೋದು" ಅಂದರು. ನಾನು ಮೂವತ್ತು ವರ್ಷದಲ್ಲಿ ಕಲಿಯದ್ದನ್ನು ಆ ಒಂದು ವಾರದಲ್ಲಿ ಕಲಿತೆ.

ಒಂದು ವಿಷಯ ಮಾತ್ರ ನನಗೆ ವಿಚಿತ್ರವಾಗಿ ಕಂಡಿತು. ಅದು ಅವರೆಕಾಯಿ ಕಾಲ. ನಮ್ಮ ಕಡೆ ಆ ಎರಡು ತಿಂಗಳು ಅವರೆ ಬಿಟ್ಟು ಬೇರೆ ಆಹಾರವೇ ಇಲ್ಲ. ಬೆಳಿಗ್ಗೆ ಅವರೆಬೇಳೆ ಉಪ್ಪಿಟ್ಟು, ಮಧ್ಯಾಹ್ನ ಹಿತಕಿದ ಬೇಳೆ ಸಾರು, ಸಂಜೆ ಎಣ್ಣೆಯಲ್ಲಿ ಕರಿದು ಖಾರ ಹಾಕಿದ ಬೇಳೆ. ಸ್ಟುಡಿಯೋ ತುಂಬ ಅದರ ಸೊಗಡು. ಹವಾಲ್ದಾರರು ಮುಟ್ಟುತ್ತಿರಲಿಲ್ಲ. ತಟ್ಟೆ ಹತ್ತಿರ ತಂದರೆ ಎದ್ದು ಹೋಗುತ್ತಿದ್ದರು. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಹುಟ್ಟಿ ಅವರೆಬೇಳೆ ತಿನ್ನದ ಮನುಷ್ಯನನ್ನು ನಾನು ಅದೇ ಮೊದಲು ನೋಡಿದ್ದು. ಒಗ್ಗುವುದಿಲ್ಲವೇನೋ ಅಂದುಕೊಂಡೆ.

ಅದೇ ವಾರ ರತ್ನಮ್ಮನ ಪಾತ್ರದ ಧ್ವನಿಮುದ್ರಣ ಇತ್ತು. ಕಂದಕಕ್ಕೆ ಹೊರಟ ಹುಡುಗನೊಬ್ಬನಿಗೆ ಹಳ್ಳಿಯ ಹೆಂಗಸು ಬೇಯಿಸಿದ ಆಲೂಗೆಡ್ಡೆ ಕೊಡುತ್ತಾಳೆ. ಮಾತು ಒಂದೇ, "ಬಿಸಿ ಇದ್ದಾಗಲೇ ತಿನ್ನು." ರತ್ನಮ್ಮ ಎಂಟು ಸಲ ಹೇಳಿದರೂ ಸರಿಹೋಗದೆ ಹೊರಗೆ ಬಂದು ನನ್ನ ಪಕ್ಕ ಕೂತರು.

"ಅಕ್ಕ, ನಾನೂ ಒಂದು ಡಬ್ಬ ಕಳ್ಸಿದ್ದೆ. ಅವರೆಬೇಳೆ ಖಾರ. ಪಾರ್ಸೆಲ್ ಮಾಡಿದ್ದೆ. ಅದು ಅವರಿಗೆ ಸೇರ್ಲೇ ಇಲ್ವಂತೆ."

"ಯಾರು ಹೇಳಿದ್ರು?"

"ಅಣ್ಣನೇ ಹೇಳಿದ್ದು. ನಾನು ಒಂದು ವಾರ ಮೊದ್ಲೇ ಕಳಿಸ್ಬೋದಿತ್ತು. ಇಬ್ಬನಿ ಬಿದ್ದು ಕಾಯಿಗೆ ಸೊಗಡು ಬರ್ಲಿ ಅಂತ ಕಾಯ್ಕೊಂಡ್ ಕೂತೆ. ಸೊಗಡು ಕಟ್ಕೊಂಡು ಏನಾಗ್ಬೇಕಿತ್ತು ನಂಗೆ? ಮೊದ್ಲೇ ಕಳ್ಸಿದ್ರೆ ಒಂದು ಹಿಡಿ ತಿಂದ್ಕೊಂಡಾದ್ರೂ ಹೋಗಿರೋರು." ಕಣ್ಣೊರೆಸಿಕೊಂಡು ಒಳಗೆ ಹೋಗಿ ಒಂದೇ ಸಲಕ್ಕೆ ಸರಿಯಾಗಿ ಹೇಳಿ ಬಂದರು.

ಮಾರನೇ ದಿನ ಅದೇ ಸಿನಿಮಾದ ಕೊನೆಯ ದೃಶ್ಯ. ಹದಿನೈದರಲ್ಲಿ ನಾಲ್ಕು ಜನ ಉಳಿದಿದ್ದಾರೆ. ಅವರಲ್ಲೊಬ್ಬ ಬೀಳುತ್ತಾನೆ. ಮುಖ ಹಿಮದ ಕಡೆ, ಬೆನ್ನು ನಮ್ಮ ಕಡೆ. ಬಾಯಿ ಕಾಣುವುದಿಲ್ಲ. ಏನೋ ಹೇಳಿ ಸಾಯುತ್ತಾನೆ. ಕಂಪನಿ ಕಳಿಸಿದ ಪಟ್ಟಿಯಲ್ಲಿ ಅವನ ಮಾತಿನ ಅರ್ಥ ಹೀಗಿತ್ತು: ಹೊಗೆಸೊಪ್ಪು ಪೂರ್ತಿ ಮುಗಿಸಬೇಡಿ, ನನಗೂ ಒಂದಿಷ್ಟು ಇಡಿ. ನಾನು ಎಲ್ಲರಿಗೂ ಅದನ್ನು ಗಟ್ಟಿಯಾಗಿ ಓದಿ ಹೇಳಿದೆ. ಹವಾಲ್ದಾರರು ಟೀ ಲೋಟ ಕೆಳಗಿಟ್ಟು, "ಇನ್ನೊಂದು ಸಲ ಓದಿ ಮೇಡಂ" ಅಂದರು.

ಓಬಳೇಶ್ ಸಾರ್ ಹಣೆ ಚಚ್ಚಿಕೊಂಡರು. "ಥೂ, ಇದೇನ್ರೀ? ಅಷ್ಟು ಜನರನ್ನ ತಡೆದು ನಿಲ್ಲಿಸಿದವನು ಸಾಯೋವಾಗ ಬೀಡಿ ಕೇಳ್ತಾನಾ? ಹೆಂಗೂ ಮುಖ ಕಾಣಲ್ಲ. ನನ್ನ ಹತ್ರ ಒಂದು ಚಿನ್ನದಂಥ ಮಾತಿದೆ." ಗೌರಿಬಿದನೂರು ಕಡೆ ಮದುವೆಗೆ ಹೋದಾಗ ಒಂದು ಶಾಲೆ ಗೋಡೆಯ ಚಿತ್ರ ತೆಗೆದುಕೊಂಡು ಬಂದಿದ್ದರು. ಫೋನ್ ನೋಡಿ ಓದಿದರು: "ನಾನು ಬಿದ್ದರೂ ಬಾವುಟ ಬೀಳದಿರಲಿ. ನನ್ನ ಊರಿಗೆ ನನ್ನ ಕೊನೆಯ ವಂದನೆ."

"ಸಾರ್, ಅದು ನಮ್ಮ ಯಜಮಾನ್ರ ಮಾತು" ಅಂದರು ರತ್ನಮ್ಮ.

ಓಬಳೇಶ್ ಸಾರ್‌ಗೆ ರೋಮಾಂಚನ. "ಅಮ್ಮಾ, ಹೌದಾ! ಹಾಗಾದ್ರೆ ಇದನ್ನ ಬೇರೆ ಯಾರೂ ಹೇಳಂಗಿಲ್ಲ. ಆ ಮಾತು ಕಿವಿಯಾರೆ ಕೇಳಿದ ಹವಾಲ್ದಾರ್ರೇ ಹೇಳ್ಬೇಕು. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ. ನೀವೂ ಬಂದು ಕೂತ್ಕೊಂಡು ಕೇಳ್ಬೇಕು." ರತ್ನಮ್ಮ ತಲೆಯಾಡಿಸಿದರು.

ಸಂಜೆ ಬಸ್ ಹತ್ತುವ ಮುಂಚೆ ಹವಾಲ್ದಾರರು ನನ್ನನ್ನು ಟೀ ಅಂಗಡಿ ಹತ್ತಿರ ನಿಲ್ಲಿಸಿದರು. "ಮೇಡಂ, ಆ ಮಾತು ನನ್ನ ಕೈಲಿ ಹೇಳಿಸ್ಬೇಡಿ."

"ಯಾಕೆ? ದುಃಖ ಆಗುತ್ತಾ?"

"ದುಃಖ ಅಲ್ಲ. ಸುಳ್ಳು. ಅವನು ಹಂಗೆ ಹೇಳ್ಲೇ ಇಲ್ಲ. ನಾನು ಕಟ್ಟಿದ್ದು."

ಆಮೇಲೆ ಎಲ್ಲ ಹೇಳಿದರು. ಡಬ್ಬ ಬಂದಿತ್ತು. ಆ ದಿನ ಬೆಳಿಗ್ಗೆಯೇ ಬಂದಿತ್ತು. ಅಶ್ವತ್ಥ ಬಿಚ್ಚಿ ಎರಡು ಹಿಡಿ ತಿಂದು, ಉಳಿದವರಿಗೂ ಒಂದೊಂದು ಹಿಡಿ ಕೊಟ್ಟ. ಅಷ್ಟರಲ್ಲಿ ಗುಂಡು ಶುರುವಾಯಿತು. ಬಿದ್ದವನ ತಲೆಯನ್ನು ಇವರು ತೊಡೆ ಮೇಲೆ ಇಟ್ಟುಕೊಂಡರು. ಅವನು ಡಬ್ಬದ ಕಡೆ ನೋಡಿ, "ಖಾಲಿ ಮಾಡ್ಬೇಡ್ರೋ, ನನಗೂ ಒಂಚೂರು ಇಡ್ರೋ" ಅಂದ. ಅಷ್ಟೇ.

"ಆಮೇಲೆ ಮೂರು ದಿನ ಕೆಳಗಿಂದ ಊಟ ಬರ್ಲಿಲ್ಲ. ಆರು ಜನ ಆ ಡಬ್ಬದಲ್ಲೇ ಇದ್ವಿ. ಅವನು ಇಡು ಅಂದ, ನಾನು ತಳ ಕೆರ್ಕೊಂಡು ತಿಂದೆ ಮೇಡಂ. ಅದನ್ನ ಆ ಹುಡುಗಿ ಮುಂದೆ ಹೆಂಗೆ ಹೇಳ್ಲಿ? ಡಬ್ಬ ಬರ್ಲೇ ಇಲ್ಲ ಅಂದೆ. ಊರವರು ಕೊನೇ ಮಾತು ಏನು ಅಂತ ಕೇಳಿದ್ರು. ಅವರೆಬೇಳೆ ಕೇಳ್ದ ಅನ್ನೋಕಾಗುತ್ತಾ? ಬಾಯಿಗೆ ಬಂದದ್ದು ಹೇಳ್ದೆ. ಅವರು ಗೋಡೆ ಮೇಲೆ ಬರ್ಸಿಬಿಟ್ರು."

ನನ್ನ ಪರಿಸ್ಥಿತಿ ನೋಡಿ. ಗಂಡ ತಿನ್ನಲಿಲ್ಲವಲ್ಲ ಅಂತ ರತ್ನಮ್ಮ ಕೊರಗುತ್ತಿದ್ದಾರೆ, ಇವರು ತಿಂದೆನಲ್ಲ ಅಂತ ಕೊರಗುತ್ತಿದ್ದಾರೆ. ಇಬ್ಬರೂ ದಿನಾ ಒಂದೇ ಫ್ಯಾಕ್ಟರಿ ಗೇಟಿನಲ್ಲಿ ನಮಸ್ಕಾರ ಮಾಡಿಕೊಳ್ಳುತ್ತಾರೆ. ನಡುವೆ ನಾನು, ಎರಡೂ ಗೊತ್ತಿರುವವಳು. ಬಾಯಿ ಕಡಿಯುತ್ತಿತ್ತು, ಆಣೆ ಮಾಡಿ ಹೇಳುತ್ತೇನೆ. ಆದರೆ ಮೂವತ್ತು ವರ್ಷ ಬೇರೆಯವರ ಬಾಯಿಗೆ ಮಾತು ತುಂಬಿದವಳಿಗೂ ಈ ಒಂದು ಮಾತು ಅವರ ಬಾಯಿಂದಲೇ ಬರಬೇಕು ಅನ್ನಿಸಿತು. "ಹವಾಲ್ದಾರ್ರೇ, ಸುಮ್ನೆ ಬನ್ನಿ ನಾಳೆ. ಹೇಳದೆ ಓಡಿಹೋಗ್ಬೇಡಿ, ಅಷ್ಟೇ" ಅಂದೆ.

ಬಂದರು. ಇಸ್ತ್ರಿ ಮಾಡಿದ ಅಂಗಿ. ರತ್ನಮ್ಮ ನಮ್ಮ ಜೊತೆ ಗಾಜಿನ ಈಚೆ, ಇಮ್ತಿಯಾಜನ ಪಕ್ಕ ಕೂತರು. ಸ್ಪೀಕರ್ ಹಾಕಿತ್ತು. ಪರದೆಯ ಮೇಲೆ ಆ ಸೈನಿಕ ಬಿದ್ದ, ಹಿಮಕ್ಕೆ ಮುಖ ಮಾಡಿದ. ಹವಾಲ್ದಾರರು, "ನಾನು ಬಿದ್ದರೂ..." ಅಂದು ನಿಂತರು. ದೃಶ್ಯವನ್ನು ಮತ್ತೆ ಓಡಿಸಿದೆವು. ಕೆಮ್ಮು. ಮತ್ತೆ. ಏಳನೇ ಸಲಕ್ಕೆ ಓಬಳೇಶ್ ಸಾರ್ ಬೂತಿನೊಳಗೆ ಕೇಳುವ ಮೈಕಿನ ಸ್ವಿಚ್ ಒತ್ತಿ, "ಏನ್ರೀ ಇದು? ನಿಮ್ಮ ಸ್ನೇಹಿತನ ಮಾತಲ್ವೇನ್ರೀ!" ಅಂದರು.

"ಅಲ್ಲ ಸಾರ್" ಅಂದರು ಹವಾಲ್ದಾರರು, ಸ್ಪೀಕರಿನಲ್ಲಿ ಎಲ್ಲರಿಗೂ ಕೇಳುವಂತೆ.

ಆಮೇಲೆ ಅವರು ಗಾಜಿಗೆ ಬೆನ್ನು ಮಾಡಿ ನಿಂತರು. ಇಮ್ತಿಯಾಜ್ ನನ್ನ ಮುಖ ನೋಡಿದ. ನಾನು ಓಡಿಸು ಅಂತ ಸನ್ನೆ ಮಾಡಿದೆ. ಸೈನಿಕ ಬಿದ್ದ. ಸ್ಪೀಕರಿನಿಂದ ಒಂದು ಸಣ್ಣ, ಊರಿನ ದನಿ ಬಂತು: "ಖಾಲಿ ಮಾಡ್ಬೇಡ್ರೋ. ನನಗೂ ಒಂಚೂರು ಇಡ್ರೋ." ಪರದೆ ಮೇಲಿನ ಬೆನ್ನು ಅಲುಗುವುದು ನಿಂತಿತು. ಮಾತು ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ.

"ರತ್ನಮ್ಮ, ಡಬ್ಬ ಬಂದಿತ್ತು ಕಣಮ್ಮ. ಅವನ ಕೊನೇ ಮಾತು ಇದೇ. ಅವನು ಹೋದ ಮೇಲೆ ಉಳಿದಿದ್ದೆಲ್ಲ ನಾನೇ ತಿಂದೆ. ಅವನಿಗೆ ಇಡ್ಲಿಲ್ಲ" ಅಂದರು, ಬೆನ್ನು ಮಾಡಿಕೊಂಡೇ.

ರತ್ನಮ್ಮ ಎದ್ದು ಓಬಳೇಶ್ ಸಾರ್ ಮುಂದಿದ್ದ ಮೈಕಿಗೆ ಬಗ್ಗಿದರು. ಇಮ್ತಿಯಾಜ್ ಸ್ವಿಚ್ ಒತ್ತಿ ಹಿಡಿದ.

"ಅಣ್ಣ, ಅವರು ತಿಂದ್ರಾ?"

"ತಿಂದ ಕಣಮ್ಮ. ಬೆಳಿಗ್ಗೆ ಎರಡು ಹಿಡಿ ತಿಂದ."

"ಏನಂದ್ರು?"

"ಉಪ್ಪು ಜಾಸ್ತಿ ಅಂದ."

ರತ್ನಮ್ಮ ನಕ್ಕುಬಿಟ್ಟರು. ಕಣ್ಣಲ್ಲಿ ನೀರು ಧಾರೆಧಾರೆ, ಬಾಯಲ್ಲಿ ನಗು. "ಜಾಸ್ತೀನೇ ಹಾಕಿದ್ದೆ ಅಣ್ಣ! ಅಷ್ಟು ದೂರ ಹೋಗ್ಬೇಕಲ್ಲ, ಕೆಡದೇ ಇರ್ಲಿ ಅಂತ ಇನ್ನೊಂದು ಹಿಡಿ ಹಾಕಿದ್ದೆ!" ಆಮೇಲೆ, "ನೀವು ಎಷ್ಟು ದಿನ ತಿಂದ್ರಿ?" ಅಂದರು.

"ಮೂರು ದಿನ. ಆರು ಜನ. ಅದು ಇಲ್ದಿದ್ರೆ ನಾವ್ಯಾರೂ ಕೆಳಗೆ ಬರ್ತಿರ್ಲಿಲ್ಲ."

"ಇದನ್ನ ಹೇಳೋಕೆ ಇಷ್ಟು ವರ್ಷ ಬೇಕಾಯ್ತಾ ನಿಮಗೆ? ಆರು ಜನ ನನ್ನ ಕೈ ಅಡಿಗೆ ತಿಂದು ಬದ್ಕಿದಾರೆ, ನಾನು ಇಲ್ಲಿ ಪೋಸ್ಟಾಫೀಸಿನವರನ್ನ ಬೈಕೊಂಡು ಕೂತಿದೀನಿ! ಆ ಗೋಡೆ ಮಾತು ಅವರದ್ದಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತು. ವಂದನೆ ಅನ್ನೋ ಪದ ಅವರ ಬಾಯಲ್ಲಿ ಯಾವತ್ತಾದ್ರೂ ಬಂದಿದ್ಯಾ? ಏನೋ ಅಣ್ಣ ಪ್ರೀತಿಯಿಂದ ಹೇಳಿದಾರೆ ಅಂತ ಸುಮ್ನಿದ್ದೆ."

ಹವಾಲ್ದಾರರು ಈ ಕಡೆ ತಿರುಗಿದರು. ಓಬಳೇಶ್ ಸಾರ್ ಕರವಸ್ತ್ರದಲ್ಲಿ ಮೂಗು ಸೀಟಿ, "ಸಿಡಿಲು ಬೇಡ. ಇದೇ ಇರ್ಲಿ" ಅಂದರು. ಇದೇ ಇತ್ತು. ಮೂಲದಲ್ಲೂ ಹೆಚ್ಚು ಕಡಿಮೆ ಇದೇ ಮಾತು ಇದ್ದದ್ದರಿಂದ ಕಂಪನಿಯವರೂ ಒಪ್ಪಿದರು. ಅವನು ಕೇಳಿದ್ದು ಹೊಗೆಸೊಪ್ಪನ್ನೇ ಅಂತ ಸಿನಿಮಾ ನೋಡಿದವರು ತಿಳಿದುಕೊಂಡಿರುತ್ತಾರೆ. ಗೋಡೆಯ ಮಾತನ್ನು ಅಳಿಸುವುದೋ ಬೇಡವೋ ಅಂತ ಹವಾಲ್ದಾರರು ಕೇಳಿದ್ದಕ್ಕೆ, "ಇರ್ಲಿ ಬಿಡಿ, ಮಕ್ಕಳು ಅದನ್ನ ನೋಡ್ಕೊಂಡು ಕಾಪಿ ಬರೀತಾವೆ. ಆದ್ರೆ ನಮ್ಮ ಡಬ್ಬ ಎಲ್ಲಿ?" ಅಂದರು ರತ್ನಮ್ಮ.

ಡಬ್ಬ ಅವರ ಹತ್ತಿರವೇ ಇತ್ತು. ಸ್ಟೀಲ್ ಡಬ್ಬ, ಮೇಲೆ ರತ್ನಮ್ಮನ ತಾಯಿ ಹನುಮಕ್ಕನ ಹೆಸರು ಕೊರೆಸಿದ್ದು. ಹೆಸರು ಕೊರೆಸಿದ ಪಾತ್ರೆಯನ್ನು ಬಿಸಾಡುವುದು ಹೇಗೆ, ಬರಲೇ ಇಲ್ಲ ಅಂದ ಮೇಲೆ ವಾಪಸ್ ಕೊಡುವುದು ಹೇಗೆ? ಇಷ್ಟು ವರ್ಷ ಟ್ರಂಕಿನಲ್ಲಿ ಬಚ್ಚಿಟ್ಟುಕೊಂಡಿದ್ದರು.

ಮುಂದಿನ ರಜೆಯ ದಿನ ತಂದರು. ಪಾತ್ರೆಯನ್ನು ಖಾಲಿ ವಾಪಸ್ ಕೊಡಬಾರದಲ್ಲ, ಅದಕ್ಕೇ ತುಂಬಿಸಿ ತಂದಿದ್ದರು. ತಾವೇ ಕಾಯಿ ಸುಲಿದು, ನೆನೆಹಾಕಿ, ಹಿತಕಿ, ಕರಿದ ಅವರೆಬೇಳೆ ಖಾರ. ಎರಡು ಬೆರಳಿಗೆ ಎಣ್ಣೆ ಸಿಡಿದು ಬೊಬ್ಬೆ ಎದ್ದಿತ್ತು. ಓಬಳೇಶ್ ಸಾರ್, ಇಮ್ತಿಯಾಜ್, ನಾನು, ಗಂಟಲು ಸರಿಹೋಗಿ ವಾಪಸ್ ಬಂದಿದ್ದ ಪಡೆ, ಎಲ್ಲರೂ ಸುತ್ತ ನಿಂತೆವು. ರತ್ನಮ್ಮ ಮುಚ್ಚಳ ತೆಗೆದು ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಮುಖ ಕಿವುಚಿದರು.

"ಅಯ್ಯೋ ಅಣ್ಣ, ಉಪ್ಪೇ ಹಾಕಿಲ್ಲ!"

ಇಡೀ ಸೈನ್ಯ ಗೊಳ್ಳೆಂದು ನಕ್ಕಿತು. ಹವಾಲ್ದಾರರು ಪೆಚ್ಚಾಗಿ ನಿಂತಿದ್ದರು. ರತ್ನಮ್ಮ ಒಂದು ಹಿಡಿ ತೆಗೆದು ಅವರ ಅಂಗೈಗೆ ಹಾಕಿದರು. ಅವರು ಅದನ್ನೇ ನೋಡುತ್ತಾ ನಿಂತರು, ಬಾಯಿಗೆ ಇಡಲಿಲ್ಲ.

"ತಿನ್ನಿ ಅಣ್ಣ" ಅಂದರು ರತ್ನಮ್ಮ. "ಆದ್ರೆ ಖಾಲಿ ಮಾಡ್ಬೇಡಿ."

ತಿಂದರು. ನಾವೂ ತಿಂದೆವು. ಉಪ್ಪಿಲ್ಲದ ಆ ಅವರೆಬೇಳೆ ಡಬ್ಬ ಮಧ್ಯಾಹ್ನದ ತನಕ ಕೈಯಿಂದ ಕೈಗೆ ಸುತ್ತಿತು. ಕೊನೆಗೆ ತಳದಲ್ಲಿ ಒಂದು ಹಿಡಿ ಉಳಿಯಿತು. ಅದನ್ನು ಯಾರೂ ಮುಟ್ಟಲಿಲ್ಲ.